ಪರ್ಷಿಯನ್ ಬೆಕ್ಕಿಗೆ ಅಭ್ಯಂಜನ ಬೇಡ

ಬೆಂಗಳೂರಿನ ನೆಂಟರ ವಾಟ್ಸಾಪ್ ಗುಂಪಿಗೆ ದೀಪಾವಳಿ ಫೋಟೋಗಳ ಜೊತೆ ಅವರ ಪರ್ಷಿಯನ್ ಬೆಕ್ಕಿನದ್ದೂ ಒಂದು ಬಂತು. ಕೂದಲು ಸಿಕ್ಕಾಗಿದೆಯೆಂದು ಅದಕ್ಕೂ ಎಣ್ಣೆ ಹಚ್ಚಿ, ಬಿಸಿನೀರು ಹೊಯ್ದು, ಬಿಡಿಸಲಾಗದ ಗಂಟುಗಳನ್ನು ಕತ್ತರಿಯಿಂದ ತೆಗೆದಿದ್ದರು. ಕಂಕುಳಲ್ಲಿ ಹೊಲಿಗೆ ಬಿದ್ದಿತ್ತು. ನೋಡಿ ಸಂಕಟವಾಯಿತು. ಪ್ರೀತಿಗೇನೂ ಕೊರತೆಯಿಲ್ಲ, ಮಾಡುವ ಕ್ರಮವೇ ತಲೆಕೆಳಗು.

ಇಲ್ಲಿ ಇಂಗ್ಲೆಂಡಿನಲ್ಲಿ ಉದ್ದಗೂದಲಿನ ಬೆಕ್ಕು ತಂದವರಿಗೆ ಮೊದಲು ಹೇಳಿಕೊಡುವುದೇ ಇದು: ಬಾಚಣಿಗೆ ಮೊದಲು, ನೀರು ಆಮೇಲೆ, ಅದೂ ಬೇಕಿದ್ದರೆ ಮಾತ್ರ. ನಮ್ಮಲ್ಲಿ ಕೂದಲಿನ ಯಾವ ತೊಂದರೆಗೂ ಸ್ನಾನವೇ ಮದ್ದು. ಬೆಕ್ಕಿನ ಮಟ್ಟಿಗೆ ಅದು ಪೂರ್ತಿ ತಪ್ಪು. ಉದುರಿದ ಒಳಗೂದಲು ಹೊರಬೀಳದೆ ಮೇಲ್ಗೂದಲಿಗೆ ಸುತ್ತಿಕೊಂಡು ಗಂಟಾಗುತ್ತದೆ. ಅದು ನೆನೆದು ಒಣಗಿದರೆ ಕಂಬಳಿಯ ಹಾಗೆ ಬಿಗಿದುಕೊಳ್ಳುತ್ತದೆ. ಬುಡದ ತೇವ ಆರದೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಎಣ್ಣೆ ಧೂಳು ಹಿಡಿಯುತ್ತದೆ, ಬೆಕ್ಕು ಅದನ್ನು ನೆಕ್ಕುತ್ತದೆ. ಕರ್ಪೂರ ಬೆರೆಸಿದ ಎಣ್ಣೆ, ಟೀ ಟ್ರೀ ಎಣ್ಣೆ ಎರಡೂ ಬೆಕ್ಕಿಗೆ ವಿಷ. ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ನಾಯಿಯ ಚಿಗಟದ ಔಷಧಿಯಂತೂ ಪ್ರಾಣಕ್ಕೇ ಕುತ್ತು.

ಗಂಟಿಗೆ ಕತ್ತರಿ ಹಾಕಲೇಬಾರದು ಎನ್ನುವ ಇಲ್ಲಿನವರ ಹಟ ನನಗೆ ಬಹಳ ಇಷ್ಟ. ಬೆಕ್ಕಿನ ಚರ್ಮ ತೆಳು, ಸಡಿಲ. ಗಂಟನ್ನು ಮೇಲೆತ್ತಿದರೆ ಚರ್ಮವೂ ಅದರೊಂದಿಗೆ ಎದ್ದುಬರುತ್ತದೆ. ಕೂದಲು ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಕಾಣುವುದಿಲ್ಲ. ಕಂಕುಳು, ತೊಡೆಸಂದು, ಕಿವಿಯ ಹಿಂದೆ ಗಂಟು ಹೆಚ್ಚು. ಚರ್ಮ ಅತಿ ನವಿರಾಗಿರುವುದೂ ಅಲ್ಲೇ.

ಸಣ್ಣ ಗಂಟನ್ನು ಮನೆಯಲ್ಲೇ ಬಿಡಿಸಬಹುದು. ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ಬೆರಳಿನಿಂದ ಒಳಕ್ಕೆ ತಿಕ್ಕಿ. ಚರ್ಮ ಎಳೆಯದಂತೆ ಗಂಟಿನ ಬುಡವನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿಯಿರಿ. ಬೆರಳಿನಿಂದಲೇ ಗಂಟನ್ನು ಆದಷ್ಟು ಸಣ್ಣ ಎಳೆಗಳಾಗಿ ಬಿಡಿಸಿಕೊಂಡು, ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆಯಲ್ಲಿ ತುದಿಯಿಂದ ಶುರುಮಾಡಿ ಸ್ವಲ್ಪಸ್ವಲ್ಪವಾಗಿ ಬುಡದ ಕಡೆಗೆ ಬನ್ನಿ. ಒಂದು ಸಲಕ್ಕೆ ಐದು ನಿಮಿಷ ಸಾಕು. ಬಾಲ ಪಟಪಟ ಬಡಿದರೆ, ಕಿವಿ ಹಿಂದಕ್ಕೆ ಮಡಿಸಿದರೆ ಅಲ್ಲಿಗೆ ನಿಲ್ಲಿಸಿ, ಉಳಿದದ್ದು ನಾಳೆಗೆ. ಸಣ್ಣ ತಂತಿಹಲ್ಲುಗಳ ಸ್ಲಿಕರ್ ಬ್ರಶ್ ಒಂದನ್ನೇ ನಂಬಿದರೆ ಮೇಲೆ ನಯವಾಗಿ ಕಂಡು ಒಳಗೆ ಗಂಟು ಬೆಳೆಯುತ್ತಲೇ ಇರುತ್ತದೆ. ಬಾಚಣಿಗೆ ಬುಡದಿಂದ ತಡೆಯಿಲ್ಲದೆ ಹೊರಬಂದರಷ್ಟೇ ಕೆಲಸ ಮುಗಿದಂತೆ.

ಚರ್ಮಕ್ಕೆ ಅಂಟಿದ ಗಂಟಿಗೆ ಕ್ಲಿಪ್ಪರ್, ಅಂದರೆ ಕೂದಲು ಬೋಳಿಸುವ ಯಂತ್ರ ಬೇಕು. ಸಾಮಾನ್ಯವಾಗಿ 10ನೇ ನಂಬರಿನ ಬ್ಲೇಡ್ ಹಾಕಿ, ಚರ್ಮವನ್ನು ಬಿಗಿಯಾಗಿ ಹಿಡಿದು, ಬ್ಲೇಡನ್ನು ಚಪ್ಪಟೆಯಾಗಿಟ್ಟು ನಡೆಸುತ್ತಾರೆ. ಬ್ಲೇಡ್ ಬೇಗ ಕಾಯುತ್ತದೆ, ಆಗಾಗ ಮಣಿಕಟ್ಟಿಗೆ ಮುಟ್ಟಿಸಿ ನೋಡಬೇಕು. ಮೈಯೆಲ್ಲ ಜಡೆಗಟ್ಟಿದ್ದರೆ ಪಶುವೈದ್ಯರೇ ಮಂಪರು ಕೊಟ್ಟು ಬೋಳಿಸಬೇಕು. ಬೇಸಿಗೆಗೆ ತಂಪಾಗಲೆಂದು ನಮ್ಮ ಅಂಗಡಿಗಳಲ್ಲಿ ಮಾಡಿಕೊಡುವ, ತಲೆ ಮತ್ತು ಬಾಲದ ತುದಿ ಬಿಟ್ಟು ಮೈ ಬೋಳಿಸುವ ಸಿಂಹದ ಕಟಿಂಗ್ ಬೇರೆ ಮಾತು: ಆ ಚರ್ಮ ಬಿಸಿಲಿಗೆ ಸುಡುತ್ತದೆ, ಕೂದಲು ಮರಳಿ ಬೆಳೆಯಲು ತಿಂಗಳುಗಟ್ಟಲೆ ಬೇಕು.

ನೆಟ್ಟಗಿದ್ದ ಬೆಕ್ಕಿಗೆ ಇದ್ದಕ್ಕಿದ್ದಂತೆ ಸೊಂಟ, ಬಾಲದ ಬುಡದಲ್ಲಿ ಗಂಟು ಬಿದ್ದರೆ ಕೂದಲನ್ನು ದೂರಬೇಡಿ. ಬೊಜ್ಜು, ಕೀಲುನೋವು, ಹಲ್ಲುನೋವು ಇದ್ದರೆ ಬೆಕ್ಕು ಮೈ ನೆಕ್ಕಿಕೊಳ್ಳುವುದನ್ನು ಬಿಡುತ್ತದೆ. ದುಂಡಗೆ ಕೂದಲುದುರಿ ಹೊಟ್ಟು ಎದ್ದಿದ್ದರೆ ಹುಳುಕಡ್ಡಿ ಇರಬಹುದು. ಪರ್ಷಿಯನ್‌ಗಳಲ್ಲಿ ಅದು ಹೆಚ್ಚು, ಮನೆಮಕ್ಕಳಿಗೂ ಹರಡುತ್ತದೆ.

ಇಲ್ಲಿ ಎಲ್ಲವೂ ಸರಿಯಿದೆಯೆಂದಲ್ಲ. ಇಂಗ್ಲೆಂಡಿನಲ್ಲಿ ಬೆಕ್ಕು ನಾಯಿಗಳ ವಸತಿಗೃಹಕ್ಕೆ 2018ರ ನಿಯಮದಂತೆ ಲೈಸೆನ್ಸ್ ಬೇಕು, ಕೂದಲು ಬಾಚಿ ಕತ್ತರಿಸಿಕೊಡುವ ಗ್ರೂಮಿಂಗ್ ಅಂಗಡಿಗೆ ಬೇಡ. ಮಂಪರಿನ ಬಿಲ್ಲು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಹಗಲೆಲ್ಲ ಬೀಗ ಹಾಕಿರುವ ಇಲ್ಲಿನ ಮನೆಗಳಲ್ಲಿ ಎಷ್ಟೋ ಮುದಿ ಬೆಕ್ಕುಗಳು ಯಾರ ಕೈಯೂ ತಾಗದೆ ಜಡೆಗಟ್ಟುತ್ತವೆ. ಊರಲ್ಲಿ ಅಜ್ಜಿಯೋ ಅತ್ತೆಯೋ ಮನೆಯಲ್ಲೇ ಇರುತ್ತಾರೆ, ಬೆಕ್ಕು ಅವರ ತೊಡೆ ಬಿಟ್ಟು ಏಳುವುದಿಲ್ಲ. ಎಣ್ಣೆಬಟ್ಟಲು ಒಳಗಿಟ್ಟು ಅವರ ಕೈಗೊಂದು ಸ್ಟೀಲ್ ಬಾಚಣಿಗೆ ಕೊಡಿ.