ಇನ್ಹೇಲರ್ ಬೀರುವಿನಲ್ಲಿ, ಬೀಗದ ಕೈ ಬ್ಯಾಂಕಿನಲ್ಲಿ

ನಿನ್ನೆಯಿಂದ ನನ್ನ ಕೋಪ ಇಳಿದಿಲ್ಲ. ಬರೆಯದಿದ್ದರೆ ಇಳಿಯುವುದೂ ಇಲ್ಲ.

ಅಣ್ಣನ ಮಗಳನ್ನು ಕರೆದುಕೊಂಡು ಬರಲು ಮಧ್ಯಾಹ್ನ ಅವಳ ಶಾಲೆಗೆ ಹೋಗಿದ್ದೆ. ಯಾವ ಶಾಲೆ ಅಂತ ಹೇಳುವುದಿಲ್ಲ, ದಯವಿಟ್ಟು ಕಾಮೆಂಟಿನಲ್ಲಿ ಕೇಳಬೇಡಿ. ಮಳೆ ಸ್ವಲ್ಪ ಬಿಟ್ಟಿತ್ತು. ಮೈದಾನದಲ್ಲಿ ಹಾಕಿ ಪ್ರಾಕ್ಟೀಸ್ ನಡೆಯುತ್ತಿತ್ತು. ಆರನೇ ಕ್ಲಾಸಿನ ಒಬ್ಬ ಹುಡುಗ ಸ್ಟಿಕ್ ಬಿಟ್ಟು ಕೂತುಬಿಟ್ಟ. ಉಸಿರು ಎಳೆದಾಗಲೆಲ್ಲ ಕುತ್ತಿಗೆಯ ಕೆಳಗೆ ಗುಳಿ ಬೀಳುತ್ತಿತ್ತು. ಒಂದು ವಾಕ್ಯ ಪೂರ್ತಿ ಹೇಳಲು ಆಗುತ್ತಿರಲಿಲ್ಲ. ಇಷ್ಟು ವರ್ಷ ವಾರ್ಡಿನಲ್ಲಿ ನರ್ಸ್ ಕೆಲಸ ಮಾಡಿದವಳಿಗೆ ಅದು ಉಬ್ಬಸ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. "ಇನ್ಹೇಲರ್ ಎಲ್ಲಿದೆ ಮಗಾ?" ಅಂದೆ. ಆಫೀಸಿನ ಕಡೆ ಕೈ ತೋರಿಸಿದ. ಆಫೀಸಿನಲ್ಲಿ ಇನ್ಹೇಲರ್ ಬೀರುವಿನೊಳಗೆ. ಬೀರುವಿಗೆ ಬೀಗ. ಬೀಗದ ಕೈ ಕ್ಲರ್ಕ್ ಹತ್ತಿರ. ಕ್ಲರ್ಕ್ ಬ್ಯಾಂಕಿಗೆ ಹೋಗಿದ್ದರು.

ಪಿ.ಟಿ. ಮೇಷ್ಟ್ರು ಬೈಕ್ ಹತ್ತಿ ಹೋಗಿ ಬೀಗದ ಕೈ ತಂದರು. ಅಲ್ಲಿಯವರೆಗೆ ಆ ಮಗುವನ್ನು ನೆಟ್ಟಗೆ ಕೂರಿಸಿ, ಬೆನ್ನಿನ ಮೇಲೆ ಕೈ ಇಟ್ಟುಕೊಂಡು ಕಾದೆ. ಅಷ್ಟು ಹೊತ್ತು ಅವನ ತುಟಿಯ ಬಣ್ಣವನ್ನೇ ನೋಡುತ್ತಿದ್ದೆ. ಹುಡುಗ ಈಗ ಹುಷಾರಾಗಿದ್ದಾನೆ. ಆದರೆ ಅವನು ಹುಷಾರಾದದ್ದು ಬ್ಯಾಂಕು ಹತ್ತಿರದಲ್ಲಿ ಇದ್ದದ್ದರಿಂದ. ಶಾಲೆಯ ವ್ಯವಸ್ಥೆಯಿಂದ ಖಂಡಿತ ಅಲ್ಲ.

ಹೆಡ್ ಮಾಸ್ಟರ್ ಹೇಳಿದರು, "ಮೇಡಂ, ಸೇಫ್ಟಿಗೋಸ್ಕರ ಎಲ್ಲ ಔಷಧಿಯನ್ನೂ ಬೀಗ ಹಾಕಿಯೇ ಇಡ್ತೇವೆ." ಅವರು ಒಳ್ಳೆಯ ಮನುಷ್ಯರು, ಮಕ್ಕಳ ಮೇಲೆ ಪ್ರೀತಿ ಇರುವವರು. ಅದಕ್ಕೇ ನನಗೆ ಇನ್ನೂ ಹೆಚ್ಚು ಸಂಕಟ. ಒಳ್ಳೆಯವರು ಕೂಡ ಬೀಗವನ್ನೇ ಸುರಕ್ಷತೆ ಅಂದುಕೊಂಡಿದ್ದಾರೆ.

ಎಲ್ಲ ಔಷಧಿಯನ್ನೂ ಒಂದೇ ಬೀರುವಿಗೆ ತುಂಬುವುದೇ ದೊಡ್ಡ ತಪ್ಪು. ದಿನಾ ಇಂತಿಷ್ಟು ಹೊತ್ತಿಗೆ ಕೊಡುವ ಮಾತ್ರೆ, ಸಿರಪ್ ಬೇರೆ. ಅವಕ್ಕೆ ಬೀಗ ಇರಲಿ, ಇರಲೇಬೇಕು. ಚಿಕ್ಕ ಮಕ್ಕಳು ಓಡಾಡುವ ಜಾಗ ಅದು. ಆದರೆ ನಿಮಿಷಗಳಲ್ಲಿ ಬೇಕಾಗುವ ಔಷಧಿಗಳೂ ಇವೆ. ಉಬ್ಬಸದ ಮಗುವಿಗೆ ಸಾಲ್ಬುಟಮಾಲ್ ಇನ್ಹೇಲರ್. ಸಕ್ಕರೆ ಕಾಯಿಲೆಯ ಮಗುವಿಗೆ ಶುಗರ್ ಇಳಿದಾಗ ಗ್ಲೂಕೋಸ್. ಫಿಟ್ಸ್ ಬರುವ ಮಗುವಿಗೆ ಡಾಕ್ಟರ್ ಬರೆದುಕೊಟ್ಟ ಮೂಗಿನ ಸ್ಪ್ರೇ. ಇವು ಮಗು ಎಲ್ಲಿರುತ್ತದೋ ಅಲ್ಲಿರಬೇಕು. ಮಗು ಮೈದಾನದಲ್ಲಿದ್ದರೆ ಇನ್ಹೇಲರ್ ಮೈದಾನದಲ್ಲಿ. ಮಗು ಪ್ರವಾಸಕ್ಕೆ ತಲಕಾವೇರಿಗೆ ಹೋದರೆ ಇನ್ಹೇಲರ್ ಬಸ್ಸಿನಲ್ಲಿ, ಅದೂ ಲಗೇಜಿನ ಡಿಕ್ಕಿಯಲ್ಲಲ್ಲ, ಕೈಗೆ ಸಿಗುವ ಚೀಲದಲ್ಲಿ. ಸ್ವಲ್ಪ ದೊಡ್ಡ ಮಗುವಾದರೆ ಅದರ ಜೇಬಿನಲ್ಲೇ ಇರಲಿ. ಇಂಗ್ಲೆಂಡಿನಲ್ಲಿ 2014ರ ಅಕ್ಟೋಬರ್‌ನಿಂದ ಶಾಲೆಗಳೇ ತುರ್ತಿಗೆಂದು ಸಾಲ್ಬುಟಮಾಲ್ ಇನ್ಹೇಲರ್ ಕೊಂಡು ಇಟ್ಟುಕೊಳ್ಳಬಹುದು, ಅದಕ್ಕೆ ಡಾಕ್ಟರ್ ಚೀಟಿಯೂ ಬೇಡ. ಇಲ್ಲಿ ಮನೆಯವರು ಕೊಂಡು ಕೊಟ್ಟ ಇನ್ಹೇಲರ್‌ಗೂ ಬೀಗ.

ನಮ್ಮ ಕೊಡಗು ಜಿಲ್ಲೆಯಲ್ಲಿ ಇದು ಇನ್ನೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ಬೂಷ್ಟು, ಹಾಸಿಗೆಗೆ ಬೂಷ್ಟು, ಒಣಗದ ಯೂನಿಫಾರ್ಮ್. ಉಬ್ಬಸ ಇರುವ ಮಕ್ಕಳ ಪಾಡು ನಿಮ್ಮ ಮನೆಯಲ್ಲೂ ನೋಡಿರುತ್ತೀರಿ. ಮಡಿಕೇರಿ, ಕುಶಾಲನಗರದಲ್ಲಿ ಆಸ್ಪತ್ರೆ ಹತ್ತಿರ ಇರಬಹುದು. ಬಿರುನಾಣಿಯಲ್ಲಿ, ಭಾಗಮಂಡಲದ ಆಚೆ, ಮಾದಾಪುರದ ಮೇಲಿನ ತಿರುವುಗಳಲ್ಲಿ? ಮರ ಬಿದ್ದು ರಸ್ತೆ ಬಂದ್ ಆಗಿರುತ್ತದೆ, ಫೋನಿಗೆ ನೆಟ್‌ವರ್ಕ್ ಇರುವುದಿಲ್ಲ. 108 ಕರೆಯಲೇಬೇಕು, ಆದರೆ ಅದು ಬರುವ ತನಕ ಆ ಮಗು ಉಸಿರಾಡಬೇಕಲ್ವಾ?

"ಟೀಚರುಗಳು ಡಾಕ್ಟರಾ? ಏನಾದರೂ ಹೆಚ್ಚುಕಮ್ಮಿ ಆದರೆ ಯಾರು ಹೊಣೆ?" ಅಂತ ಕೇಳುತ್ತಾರೆ. ಈ ಮಾತನ್ನು ಸಾಕಷ್ಟು ಕೇಳಿದ್ದೇನೆ. ಟೀಚರುಗಳ ತಲೆ ಮೇಲೆ ಕೆಲಸದ ಹೊರೆ ಇದೆ ಅನ್ನುವುದು ನಿಜ. ನನ್ನ ಅತ್ತಿಗೆಯೂ ಟೀಚರ್, ರಾತ್ರಿ ಹತ್ತರ ತನಕ ಆ್ಯಪಿನಲ್ಲಿ ಏನೇನೋ ತುಂಬುತ್ತಾ ಕೂತಿರುತ್ತಾಳೆ. ಆದರೂ ಈ ವಾದವನ್ನು ನಾನು ಒಪ್ಪುವುದಿಲ್ಲ. ಯಾಕೆಂದರೆ ಅದೇ ಟೀಚರುಗಳು ಈಗಾಗಲೇ ಮಾತ್ರೆ ಕೊಡುತ್ತಿದ್ದಾರೆ, ಚೆನ್ನಾಗಿಯೇ ಕೊಡುತ್ತಿದ್ದಾರೆ. ಜಂತುಹುಳದ ಮಾತ್ರೆ ಯಾರು ಕೊಡುವುದು? 400 ಮಿಲಿಗ್ರಾಂ ಆಲ್ಬೆಂಡಜೋಲ್. ಮಗು ಟೀಚರ್ ಎದುರಿಗೇ ಅಗಿದು ನುಂಗಬೇಕು. ಅವತ್ತು ಹುಷಾರಿಲ್ಲದ ಮಗುವಿಗೆ ಕೊಡುವ ಹಾಗಿಲ್ಲ, ಅದಕ್ಕೆ ಆಮೇಲೆ ಬೇರೆ ದಿನ ಕೊಡಬೇಕು. ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ, ಚಿಕ್ಕವರಿಗೆ ಪಿಂಕ್, ದೊಡ್ಡವರಿಗೆ ನೀಲಿ. ಊಟ ಆದ ಮೇಲೆಯೇ ಕೊಡಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು. ಇಡೀ ಶಾಲೆಯ ಮಕ್ಕಳಿಗೆ ಲೆಕ್ಕ ತಪ್ಪದೆ ಮಾತ್ರೆ ಕೊಡುವ ಟೀಚರ್, ಕ್ಲಾಸಿನ ಒಂದೇ ಒಂದು ಮಗುವಿಗೆ ಕೊಡಲಾರರು ಅಂದರೆ ನಾನು ನಂಬುವುದಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಬರವಣಿಗೆಯಲ್ಲಿ ಏನನ್ನೂ ಕೊಟ್ಟಿಲ್ಲ. ಹಾಗಾಗಿ ಹೆದರುತ್ತಾರೆ. ಹೆದರಿದವರ ಕೈಗೆ ಮೊದಲು ಸಿಗುವುದು ಬೀಗ.

ಇನ್ನೊಂದು ಉತ್ತರವೂ ರೆಡಿ ಇರುತ್ತದೆ. "ತಾಯಿ ಮಧ್ಯಾಹ್ನ ಬಂದು ಕೊಟ್ಟು ಹೋಗಲಿ." ಯಾವ ತಾಯಿ? ಸಿದ್ದಾಪುರದ ಕಡೆ ಲೈನ್ ಮನೆಯಲ್ಲಿ ಇರುವ ತಾಯಿ ಬೆಳಿಗ್ಗೆಯೇ ತೋಟಕ್ಕೆ ಹೋಗಿಯಾಗಿರುತ್ತದೆ. ಕಾಫಿ ಕೊಯ್ಲಿನ ಹೊತ್ತಿನಲ್ಲಿ ನಡುವೆ ಎದ್ದು ಬಂದರೆ ಅವತ್ತಿನ ಕೂಲಿ ಹೋಯಿತು. ಆನೆ ಓಡಾಡುವ ದಾರಿಯಲ್ಲಿ ಒಬ್ಬಳೇ ನಡೆದು ಬರಬೇಕು. ಕಾರು ಇರುವವರ ಮಗುವಿಗೆ ಮಧ್ಯಾಹ್ನದ ಔಷಧಿ ಸಿಗುತ್ತದೆ, ಕೂಲಿಯವರ ಮಗುವಿಗೆ ಸಿಗುವುದಿಲ್ಲ. ಇದನ್ನು ನಿಯಮ ಅಂತ ಕರೆಯಲು ನನಗೆ ನಾಲಿಗೆ ಬರುವುದಿಲ್ಲ.

ಬೀಗದ ಹಿಂದಿನ ಕಥೆಯನ್ನೂ ಹೇಳಬೇಕು. ನಿನ್ನೆ ಬೀರು ತೆರೆದಾಗ ಒಳಗೆ ನೋಡಿದೆ. ಕತ್ತರಿಸಿದ ಸ್ಟ್ರಿಪ್‌ಗಳು. ಮಾತ್ರೆಯ ಹೆಸರೂ ಇಲ್ಲ, ಎಕ್ಸ್‌ಪೈರಿ ತಾರೀಕೂ ಇಲ್ಲ. ಪೇಪರಿನಲ್ಲಿ ಸುತ್ತಿಟ್ಟ ಎರಡು ಬಿಳಿ ಮಾತ್ರೆ, ಮೇಲೆ ಪೆನ್ಸಿಲಿನಲ್ಲಿ "ಬೋಪಣ್ಣ". ಕೊಡಗಿನಲ್ಲಿ ಬರೀ ಬೋಪಣ್ಣ ಅಂದರೆ ಯಾರು ಅಂತ ಹುಡುಕುವುದು? ಮನೆತನದ ಹೆಸರು ಸೇರಿಸಿ, ಕ್ಲಾಸು ಬರೆಯಬೇಕು. ನಮಗೆ ನರ್ಸಿಂಗಿನಲ್ಲಿ ಮೊದಲು ಕಲಿಸುವುದೇ ಐದು ಪ್ರಶ್ನೆ. ಇದೇ ಮಗುವಾ? ಇದೇ ಔಷಧಿಯಾ? ಇಷ್ಟೇ ಪ್ರಮಾಣವಾ? ಇದೇ ಹೊತ್ತಾ? ಬಾಯಿಗೆ, ಮೂಗಿಗೆ, ಚರ್ಮಕ್ಕೆ, ಎಲ್ಲಿಂದ ಕೊಡುವುದು? ಬೀಗ ಈ ಐದರಲ್ಲಿ ಒಂದಕ್ಕೂ ಉತ್ತರ ಕೊಡುವುದಿಲ್ಲ.

ಜ್ವರದ ಸಿರಪ್ ನೋಡಿ. ಪ್ಯಾರಾಸಿಟಮಾಲ್ 5 ಎಂ.ಎಲ್.ಗೆ 120 ಮಿಲಿಗ್ರಾಂ ಇರುವ ಬಾಟಲಿ ಇದೆ, 250 ಇರುವುದೂ ಇದೆ. "ಒಂದು ಚಮಚ ಕೊಡಿ ಮಿಸ್" ಅಂದರೆ ಯಾವುದರ ಒಂದು ಚಮಚ? ಯಾವ ಚಮಚ? ಅಮ್ಮ ಬೆಳಿಗ್ಗೆ ಏಳಕ್ಕೆ ಕೊಟ್ಟು ಕಳಿಸಿರುತ್ತಾಳೆ. ಮಗು ಹೇಳುವುದಿಲ್ಲ. ಟೀಚರ್ ಪಾಪ, ಪ್ರೀತಿಯಿಂದ ಒಂಬತ್ತೂವರೆಗೆ ಮತ್ತೆ ಕೊಡುತ್ತಾರೆ. ಎರಡು ಡೋಸಿನ ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಬೇಕು, ಅದಕ್ಕೆ ಕೊಟ್ಟ ಹೊತ್ತನ್ನು ಬರೆದು ಕಳಿಸಬೇಕು. ತಮ್ಮ ಬ್ಯಾಗಿನಿಂದ ಅರ್ಧ ಡೋಲೋ ಮುರಿದು ಕೊಡುವ ಅಭ್ಯಾಸವನ್ನಂತೂ ದಯವಿಟ್ಟು ಬಿಡಿ. ಮಗುವಿನ ತೂಕ ನೋಡಿ ಕೊಡುವ ಔಷಧಿ ಅದು.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಔಷಧಿಯನ್ನು ಅದರ ಮೂಲ ಪ್ಯಾಕಿನಲ್ಲೇ ಕೊಡಿ. ಡಾಕ್ಟರ್ ಚೀಟಿಯ ಜೆರಾಕ್ಸ್ ಜೊತೆಗಿರಲಿ, ನಿಮ್ಮ ಸಹಿ ಇರಲಿ. ಮಗುವಿನ ಕೈಗೋ ವ್ಯಾನ್ ಡ್ರೈವರ್ ಕೈಗೋ ಕೊಟ್ಟು ಕಳಿಸಬೇಡಿ, ವಾರಕ್ಕೊಮ್ಮೆ ಆದರೂ ಯಾರಾದರೂ ದೊಡ್ಡವರು ತಂದು ಕೊಡಿ. ಅದಕ್ಕಿಂತ ಮೊದಲು ಡಾಕ್ಟರ್ ಹತ್ತಿರ ಕೇಳಿ, ಶಾಲೆ ಹೊತ್ತಿನಲ್ಲಿ ಕೊಡಲೇಬೇಕಾ ಅಂತ. ದಿನಕ್ಕೆ ಮೂರು ಸಲದ ಎಷ್ಟೋ ಔಷಧಿಗಳನ್ನು ಬೆಳಿಗ್ಗೆ, ಶಾಲೆಯಿಂದ ಬಂದ ಮೇಲೆ, ಮಲಗುವಾಗ ಅಂತ ಹೊಂದಿಸಿಕೊಡುತ್ತಾರೆ.

ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳಿಗೆ ಹಾಗೆ ಮಾಡಲು ಆಗುವುದಿಲ್ಲ. ಊಟಕ್ಕೆ ಮೊದಲು ಅವರಿಗೆ ಚುಚ್ಚಿಕೊಳ್ಳಲೇಬೇಕು. ಶಾಲೆಯ ಟಾಯ್ಲೆಟ್ಟಿನಲ್ಲಿ ನಿಂತು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ ಒಬ್ಬ ಹುಡುಗಿಯ ಪರಿಚಯ ನನಗಿದೆ. ಬೇರೆ ಜಾಗ ಯಾರೂ ಕೊಡಲಿಲ್ಲ. ಸಿಬಿಎಸ್ಇ 2017ರಲ್ಲೇ ಇಂಥ ಮಕ್ಕಳು ಪರೀಕ್ಷೆ ಕೊಠಡಿಗೆ ತಿನ್ನುವುದನ್ನು ಒಯ್ಯಬಹುದು ಅಂದಿದೆ. ನಮ್ಮಲ್ಲಿ ಇನ್ನೂ ಮಾಮೂಲಿ ಕ್ಲಾಸಿನಲ್ಲೇ "ಈಗ ಏನು ತಿಂತಿದ್ದೀಯ?" ಅಂತ ಗದರುತ್ತಾರೆ. ಶುಗರ್ 70ಕ್ಕಿಂತ ಇಳಿದರೆ ಆ ಮಗು ಬೆವರುತ್ತದೆ, ನಡುಗುತ್ತದೆ, ಏನೇನೋ ಮಾತಾಡುತ್ತದೆ. ಆಗಲೇ, ಅಲ್ಲೇ, ಮೂರು ಟೀ ಚಮಚ ಸಕ್ಕರೆಯೋ ಗ್ಲೂಕೋಸೋ ಕೊಡಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಬೇಕು. ಒಂಟಿಯಾಗಿ ಸ್ಟಾಫ್ ರೂಮಿಗೆ ಕಳಿಸಬಾರದು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು.

ನನಗೆ ಈ ವಿಷಯದಲ್ಲಿ ಸಿಟ್ಟು ಯಾಕೆ ಇಷ್ಟು ಬೇಗ ಬರುತ್ತದೆ ಅಂತ ಹತ್ತಿರದವರಿಗೆ ಗೊತ್ತು. ಉಳಿದವರಿಗೂ ಹೇಳುತ್ತೇನೆ, ತಮ್ಮನನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವನಿಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿತ್ತು. ಶಾಲೆಯಲ್ಲಿ ಬಂದಾಗ ಕೈಗೆ ಬೀಗದ ಕೈ ಗೊಂಚಲು ಹಿಡಿಸುತ್ತಿದ್ದರು, ನಾಲ್ಕು ಜನ ಅದುಮಿ ಹಿಡಿಯುತ್ತಿದ್ದರು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕು ಅಂತ ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನದ ಮಾತ್ರೆಗೆ ಅವನು ಎಲ್ಲರ ಎದುರು ಆಫೀಸಿಗೆ ಹೋಗಿ ಕೈ ಚಾಚಿ ನಿಲ್ಲಬೇಕಿತ್ತು. ಹುಡುಗರು ಆಡಿಕೊಂಡರು. ಅವನು ಮಾತ್ರೆ ನುಂಗುವುದನ್ನೇ ಬಿಟ್ಟ. ನುಂಗಿದನೋ ಇಲ್ಲವೋ ಅಂತ ಬರೆದಿಡುವ ಒಂದು ಪುಸ್ತಕ ಇದ್ದಿದ್ದರೆ ಅಮ್ಮನಿಗೆ ಆ ವಾರವೇ ಗೊತ್ತಾಗುತ್ತಿತ್ತು. ಗೊತ್ತಾದದ್ದು ಅವನು ಬಸ್ ಸ್ಟ್ಯಾಂಡಿನಲ್ಲಿ ಬಿದ್ದು ಹಣೆ ಒಡೆದುಕೊಂಡ ಮೇಲೆ.

ಹಾಗಾಗಿ ಶಾಲೆಗಳಿಂದ ನಾನು ಕೇಳುವುದು ದೊಡ್ಡದೇನೂ ಅಲ್ಲ. ದಿನದ ಮಾತ್ರೆಗಳಿಗೆ ಬೀಗ ಇರುವ ಒಂದು ಪೆಟ್ಟಿಗೆ, ಬೀಗದ ಕೈ ಇಬ್ಬರ ಹತ್ತಿರ. ತುರ್ತಿನ ಔಷಧಿಗೆ ಬೀಗ ಇಲ್ಲದ ಚೀಲ, ಮಗುವಿನ ಜೊತೆ ಹೋಗುವಂಥದ್ದು. ಕೊಟ್ಟ ಹೊತ್ತು, ಪ್ರಮಾಣ, ಸಹಿ ಬರೆಯಲು ಒಂದು ನೋಟ್ ಬುಕ್. ಕೊಡದೇ ಹೋದರೆ ಯಾಕೆ ಅಂತಲೂ ಬರೆಯಬೇಕು. ಇಬ್ಬರು ಟೀಚರುಗಳಿಗೆ ತರಬೇತಿ, ಯಾಕೆಂದರೆ ಒಬ್ಬರು ರಜೆ ಹಾಕಿದ ದಿನವೇ ಮಗುವಿಗೆ ಉಬ್ಬಸ ಬರಬಹುದು. ಪಿ.ಟಿ. ಮೇಷ್ಟ್ರಿಗಂತೂ ಕಲಿಸಲೇಬೇಕು.

ನಿನ್ನೆಯ ಶಾಲೆಗೆ ನಾನೇ ಸೋಮವಾರ ಹೋಗುತ್ತಿದ್ದೇನೆ, ಹೆಡ್ ಮಾಸ್ಟರ್ ಒಪ್ಪಿದ್ದಾರೆ. ನಾಪೋಕ್ಲು, ಮೂರ್ನಾಡು, ಸುಂಟಿಕೊಪ್ಪ ಕಡೆ ಯಾವ ಶಾಲೆಯವರು ಕರೆದರೂ ಬರುತ್ತೇನೆ. ದುಡ್ಡು ಬೇಡ, ಒಂದು ಗಂಟೆ ಕೊಡಿ. ಇನ್ಹೇಲರ್‌ಗೆ ಜೋಡಿಸುವ ಕೊಳವೆ, ಅಂದರೆ ಸ್ಪೇಸರ್ ಹಿಡಿಯುವುದು ಹೇಗೆ ಅಂತ ಟೀಚರುಗಳ ಕೈಯಿಂದಲೇ ಮಾಡಿಸಿ ತೋರಿಸುತ್ತೇನೆ. ಗೋಣಿಕೊಪ್ಪ, ಪೊನ್ನಂಪೇಟೆ ಕಡೆ ಕೆಲಸ ಮಾಡುವ ನರ್ಸ್ ಗೆಳತಿಯರು ಇದನ್ನು ಓದುತ್ತಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ, ಶಾಲೆಗಳನ್ನು ಹಂಚಿಕೊಳ್ಳೋಣ.