ಲೋಕ ಮುಳುಗಿತು, ಪೆಟ್ರೋಲ್ ಮುಗಿಯಲಿಲ್ಲ

ಸತ್ತ ಮೇಲೂ ಎದ್ದು ಓಡಾಡುವ ಜೋಂಬಿಗಳ ಕಾಟದಿಂದ ಲೋಕ ಮತ್ತೊಮ್ಮೆ ಮುಳುಗಿದೆ. ಈ ಸಲ ಹೊಸ ಸರಣಿಯೊಂದರ ಎಂಟು ಕಂತುಗಳಲ್ಲಿ. ಅಳಿದುಳಿದ ನಲವತ್ತು ಮಂದಿ ಬೇಲಿ ಹಾಕಿಕೊಂಡು ಹೊಸ ಸಮಾಜ ಕಟ್ಟುತ್ತಿದ್ದಾರೆ. ಅವರಿಗೆ ಹೊಸ ಅಪಾಯವೊಂದು ಕಾದಿದೆ ಎಂದು ಜಾಹೀರಾತು ಹೆದರಿಸುತ್ತದೆ. ಆ ಹೊಸ ಅಪಾಯ ಯಾವುದೆಂದು ನಿಮಗೂ ಗೊತ್ತು, ನನಗೂ ಗೊತ್ತು: ಪಕ್ಕದ ಬೇಲಿಯವರು.

ನನಗೆ ಅಭಿಮಾನವಿರುವುದು ನಾಯಕನ ಕಾರಿನ ಮೇಲೆ. ಲೋಕ ಮುಳುಗಿ ಹನ್ನೆರಡು ವರ್ಷವಾಗಿದೆ. ದಾರಿಬದಿಯಲ್ಲಿ ತುಕ್ಕು ತಿನ್ನುತ್ತಿರುವ ಯಾರದೋ ವಾಹನದ ಟ್ಯಾಂಕಿಗೆ ಅವನು ಕೊಳವೆ ಇಳಿಸುತ್ತಾನೆ, ಬಾಯಿಂದ ಎಳೆಯುತ್ತಾನೆ, ಥೂ ಎಂದು ಉಗಿಯುತ್ತಾನೆ, ಡಬ್ಬಿ ತುಂಬುತ್ತದೆ. ಕೀಲಿ ತಿರುಗಿಸಿದರೆ ಎಂಜಿನ್ ನಿನ್ನೆ ತಾನೇ ಸರ್ವಿಸ್ ಆದಂತೆ ಗುರುಗುಟ್ಟುತ್ತದೆ. ನಮ್ಮ ಬಡ ಲೋಕದ ಪೆಟ್ರೋಲ್ ಆರು ತಿಂಗಳು ಮುಟ್ಟದೆ ಬಿಟ್ಟರೆ ಹಳಸತೊಡಗುತ್ತದೆ; ಹಗುರವಾದದ್ದು ಆವಿಯಾಗಿ ಹೋಗುತ್ತದೆ, ಉಳಿದದ್ದು ಅಂಟಾಗಿ ಕೊಳವೆಗಳಲ್ಲಿ ಕೂರುತ್ತದೆ. ಸತ್ತವರೇ ಪೂರ್ತಿ ಕೊಳೆಯದ ಲೋಕದಲ್ಲಿ ಪೆಟ್ರೋಲ್ ಮಾತ್ರ ಯಾಕೆ ಕೆಡಬೇಕು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನಾಯಕಿಯ ಹುಬ್ಬು ನೋಡಿದರೆ ಹುಬ್ಬು ತೀಡುವ ಕಸುಬಿನವರಲ್ಲಿ ಒಬ್ಬರೂ ಸತ್ತಂತಿಲ್ಲ.

ಎಂಟೂ ಕಂತು ನಾನು ಕಾದದ್ದು ಒಂದೇ ದೃಶ್ಯಕ್ಕೆ. ಯಾರಾದರೊಬ್ಬರು ಕಕ್ಕಸಿನ ಗುಂಡಿ ತೋಡಬೇಕು. ತೋಡಲಿಲ್ಲ. ನಲವತ್ತು ಮಂದಿ, ಹನ್ನೆರಡು ವರ್ಷ, ನೀರಿಗೆ ಒಂದೇ ಹಳ್ಳ. ಬೆಂಕಿಯ ಸುತ್ತ ಕುಳಿತು ನ್ಯಾಯ, ಕ್ಷಮೆ, ನಾಯಕತ್ವ ಎಂದು ನಡುರಾತ್ರಿಯವರೆಗೆ ಮಾತಾಡುತ್ತಾರೆ. ಸಲಿಕೆ ಹೊರಗೆ ಬರುವುದು ಹೆಣ ಹೂಳುವುದಕ್ಕೆ ಮಾತ್ರ.

ಕಥೆ ಕಟ್ಟುವವರನ್ನೇ ಬೈದು ಏನು ಫಲ? ಅಮೆರಿಕದ ಅಣ್ವಸ್ತ್ರಗಳ ಉಸ್ತುವಾರಿ ನೋಡಿಕೊಳ್ಳುವ ಸೇನಾ ಕಮಾಂಡ್ 2011ರಲ್ಲಿ ಜೋಂಬಿಗಳ ವಿರುದ್ಧ ಒಂದು ಯುದ್ಧಯೋಜನೆಯನ್ನೇ ಬರೆಯಿತು. ಹೆಸರು ಕಾನ್‌ಪ್ಲಾನ್ 8888. ಇದನ್ನು ತಮಾಷೆಗೆಂದು ಮಾಡಿದ್ದಲ್ಲ ಎಂದು ಅದರಲ್ಲೇ ಹೇಳಿಕೊಂಡಿದ್ದಾರೆ. ಕಿರಿಯ ಅಧಿಕಾರಿಗಳ ಅಭ್ಯಾಸಕ್ಕೆ ನಿಜವಾದ ದೇಶದ ಹೆಸರು ಹಾಕಿದರೆ ಜನ ನಂಬಿಬಿಟ್ಟಾರು ಎಂಬ ಅಂಜಿಕೆಯಿಂದ ಸತ್ತವರನ್ನು ಶತ್ರುಗಳಾಗಿ ಆರಿಸಿಕೊಂಡರಂತೆ. ವಿವೇಕದ ಮಾತು, ಸತ್ತವರಿಗೆ ರಾಯಭಾರ ಕಚೇರಿ ಇರುವುದಿಲ್ಲ.

ಆ ಕಡತದಲ್ಲಿ ಜೋಂಬಿಗಳಿಗೂ ಒಳಪಂಗಡಗಳಿವೆ. ಬಾಹ್ಯಾಕಾಶದಿಂದ ಬಂದವು, ಮಾಟದಿಂದ ಎದ್ದವು. ಸಸ್ಯಾಹಾರಿಗಳೂ ಇವೆ, ಅವು ಮಿದುಳಿನ ಗೊಡವೆಗೆ ಹೋಗದೆ ‘ಕಾಳು, ಕಾಳು’ ಎಂದು ನರಳುತ್ತವೆಯಂತೆ. ಎಲ್ಲಕ್ಕಿಂತ ಮಿಗಿಲಾದದ್ದು ಕೋಳಿ ಜೋಂಬಿ. ಮೊಟ್ಟೆ ಇಡುವುದು ನಿಂತ ಮುದಿ ಕೋಳಿಗಳಿಗೆ ವಿಷಾನಿಲ ಬಿಟ್ಟು, ಸತ್ತವೆಂದುಕೊಂಡು ರಾಶಿಯಾಗಿ ಹೂತರೆ, ಕೆಲವು ಮಣ್ಣು ಕೆದರಿಕೊಂಡು ಮೇಲೆ ಬಂದು ತೂರಾಡುತ್ತ ನಡೆಯುತ್ತವೆ. ನಿಜಕ್ಕೂ ಇದೆಯೆಂದು ಸಾಬೀತಾದ ಜೋಂಬಿ ಇದೊಂದೇ ಎಂದು ಯೋಜನೆ ಒಪ್ಪಿಕೊಂಡಿದೆ. ಲೋಕದ ಬಲಾಢ್ಯ ಸೇನೆ ಒಂದು ಮುದಿ ಕೋಳಿಯ ಎದುರು ಸತ್ಯ ನುಡಿದ ಗಳಿಗೆ ಅದು.

ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವೂ ಜೋಂಬಿಗಳಿಗೆ ಸಿದ್ಧರಾಗಿ ಎಂದು ಬರೆಯಿತು. ಓದುಗರ ನೂಕುನುಗ್ಗಲಿಗೆ ಅದರ ಜಾಲತಾಣವೇ ಕುಸಿದುಬಿತ್ತು. ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ 3.8 ಲೀಟರ್ ನೀರು ಕೂಡಿಡಿ ಎಂಬ ಬುದ್ಧಿಮಾತು ಅದರಲ್ಲಿತ್ತು. ಭೂಕಂಪ, ಚಂಡಮಾರುತ ಎಂದರೆ ಆಕಳಿಸುವ ಜನಕ್ಕೆ ಹೀಗೆ ಹೇಳದೆ ಬೇರೆ ದಾರಿಯಿರಲಿಲ್ಲ. ಇದನ್ನು ನಾನು ಹಾಸ್ಯ ಮಾಡುವುದಿಲ್ಲ.

ಹಾಸ್ಯ ಮಾಡಲಾಗದ್ದು ಇನ್ನೊಂದಿದೆ. ಜೋಂಬಿ ಎಂಬ ಕಲ್ಪನೆ ಲೋಕಕ್ಕೆ ಹೋದದ್ದು ಕೆರಿಬಿಯನ್ ಸಮುದ್ರದ ಹೈಟಿಯಿಂದ. ಕಬ್ಬಿನ ತೋಟಗಳಲ್ಲಿ ಗುಲಾಮಗಿರಿ ಮಾಡಿದವರ ನಾಡು ಅದು. ಅಲ್ಲಿಯ ಜೋಂಬಿ ಯಾರನ್ನೂ ಕಚ್ಚುವುದಿಲ್ಲ, ಸತ್ತ ಮೇಲೂ ಯಜಮಾನನಿಗೆ ದುಡಿಯುತ್ತದೆ. 2010ರ ಜನವರಿ 12ರಂದು ಅಲ್ಲಿ ಭೂಮಿ ನಡುಗಿತು. ಬದುಕುಳಿದವರು ನಿಜವಾಗಿ ಮರಳಿ ಕಟ್ಟಲು ಹೊರಟರು. ಅಕ್ಟೋಬರಿನಲ್ಲಿ ಹೊಸ ಅಪಾಯ ಬಂತು, ಬೇಲಿಯಾಚೆಯ ಖಳನಾಯಕನ ರೂಪದಲ್ಲಲ್ಲ. ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರದ ಮಲ ಪಕ್ಕದ ಹಳ್ಳಕ್ಕೆ ಸೇರಿ, ಹಳ್ಳ ಆರ್ತಿಬೊನಿತ್ ನದಿಗೆ ಸೇರಿ, ನೂರು ವರ್ಷ ಕಾಲರಾ ಕಾಣದಿದ್ದ ದೇಶದಲ್ಲಿ 8 ಲಕ್ಷಕ್ಕೂ ಹೆಚ್ಚು ಮಂದಿ ಕಾಲರಾದಿಂದ ಹಾಸಿಗೆ ಹಿಡಿದರು. ಸತ್ತವರು ಸುಮಾರು 10,000.

ಒಂದು ಕಕ್ಕಸಿನ ಗುಂಡಿ. ಸರಿಯಾಗಿ ತೋಡಿದ್ದರೆ ಸಾಕಿತ್ತು.

ಪರಿಹಾರ ಕೇಳಿದವರಿಗೆ 2013ರಲ್ಲಿ ವಿಶ್ವಸಂಸ್ಥೆ ನಿಮ್ಮ ಅರ್ಜಿ ಸ್ವೀಕಾರಾರ್ಹವಲ್ಲ ಎಂದಿತು. ನ್ಯಾಯಾಲಯಕ್ಕೆ ಹೋದವರ ಎದುರು, ವಿಶ್ವಸಂಸ್ಥೆಯ ಮೇಲೆ ದಾವೆ ಹೂಡುವಂತಿಲ್ಲ ಎಂಬ ಕಾನೂನಿನ ರಕ್ಷಣೆಯ ಗುರಾಣಿ ಹಿಡಿಯಲಾಯಿತು. ಕ್ಷಮೆ ಬಂದದ್ದು 2016ರ ಡಿಸೆಂಬರಿನಲ್ಲಿ, ಅದರ ಜೊತೆ 40 ಕೋಟಿ ಡಾಲರ್ ಯೋಜನೆಯೊಂದು. ಆ ಹಣಕ್ಕೆ ಕೈಯೊಡ್ಡಿದಾಗ ದೇಶಗಳು ಕೊಟ್ಟದ್ದು ಚೂರುಪಾರು. ಸತ್ತವರು ಎದ್ದು ಬಂದು ಯಾರ ಕಚೇರಿಯ ಬಾಗಿಲನ್ನೂ ತಟ್ಟಲಿಲ್ಲ, ಆ ಭಾಗ್ಯ ಕಥೆಗಳಲ್ಲಿ ಮಾತ್ರ.

ಸರಣಿಯ ಎರಡನೆಯ ಭಾಗ ಬರುತ್ತದೆಯಂತೆ. ಪಕ್ಕದ ಬೇಲಿಯವರ ಬಳಿ ಈಗ ಹೆಲಿಕಾಪ್ಟರ್ ಇದೆ. ಇಂಧನದ ವಿಷಯ ನಾನು ಕೇಳುವುದಿಲ್ಲ.