ಈರುಳ್ಳಿ ರಸ ಮತ್ತು ಒಂದು ಮೊಟ್ಟೆ

2017ರ ಜುಲೈನಲ್ಲಿ ಗೆಳೆಯನೊಬ್ಬ ಫೋನ್ ಮಾಡಿ, "ನಿನ್ನ ಜೀವನಚರಿತ್ರೆ ಥಿಯೇಟರಿಗೆ ಬಂದಿದೆ, ನೋಡೋಣ ಬಾ ಮಾರಾಯ" ಎಂದ. ಅದು 'ಒಂದು ಮೊಟ್ಟೆಯ ಕಥೆ'. ಇಲ್ಲಿ ಮೊಟ್ಟೆ ಅಂದರೆ ಆಮ್ಲೆಟ್ಟಿನದ್ದಲ್ಲ, ಬೋಳು ತಲೆ. ನನಗಾಗ ಮೂವತ್ತು. ಹಣೆ ಎಲ್ಲಿ ಮುಗಿದು ತಲೆ ಎಲ್ಲಿ ಶುರುವಾಗುತ್ತದೆ ಅನ್ನುವ ವಿಷಯದಲ್ಲಿ ನನಗೂ ಕಟಿಂಗ್ ಶಾಪಿನವನಿಗೂ ಒಮ್ಮತವಿರಲಿಲ್ಲ. ಟೋಪಿ ಹಾಕಿಕೊಂಡೇ ಹೋದೆ. ಹಿಂದಿನ ಸಾಲಿನವನು "ಸಾರ್, ಟೋಪಿ ಅಡ್ಡ ಬರ್ತಿದೆ" ಎಂದ. ತೆಗೆದೆ. ಸ್ವಲ್ಪ ಹೊತ್ತು ಬಿಟ್ಟು ಅವನೇ ಮುಂದಕ್ಕೆ ಬಗ್ಗಿ ಪಿಸುಗುಟ್ಟಿದ, "ನಿಮಗೆ ಟಿಕೆಟ್ ಫ್ರೀ ಅಲ್ವಾ?"

ಕಥೆ ಇಷ್ಟೇ. ಜನಾರ್ದನ, 28 ವರ್ಷ, ಮಂಗಳೂರಿನಲ್ಲಿ ಕನ್ನಡ ಲೆಕ್ಚರರ್. ತಲೆಯಲ್ಲಿ ಕೂದಲಿಲ್ಲ, ಕಲಿಸುವುದು ಕನ್ನಡ, ಹೆಣ್ಣು ಸಿಗಲಿ ಅಂದರೆ ಎಲ್ಲಿಂದ ಸಿಗಬೇಕು? ಬರೆದು, ನಿರ್ದೇಶಿಸಿ, ಜೊತೆಗೆ ತಮ್ಮದೇ ತಲೆಯನ್ನೂ ಕ್ಯಾಮೆರಾಗೆ ಒಪ್ಪಿಸಿದವರು ರಾಜ್ ಬಿ. ಶೆಟ್ಟಿ. ಹೀರೋ ಎಂಟ್ರಿ ಇಲ್ಲ, ಫೈಟ್ ಇಲ್ಲ. ನನಗೆ ತುಂಬಾ ಹಿಡಿಸಿದ್ದು ಮಾತು. ಅಲ್ಲಿಯವರೆಗೆ ನಮ್ಮ ಸಿನಿಮಾದಲ್ಲಿ ಮಂಗಳೂರು ಕನ್ನಡ ಅಂದರೆ ಹೆಚ್ಚಾಗಿ ಒಬ್ಬ ಭಟ್ಟರು ಬಂದು ನಾಲ್ಕು ಸಲ "ಎಂತ ಮಾರಾಯ" ಅಂದು ನಗಿಸಿ ಹೋಗುವುದಕ್ಕೆ ಇಟ್ಟುಕೊಂಡಿದ್ದ ಸಾಮಾನು. ಇಲ್ಲಿ ಎಲ್ಲರೂ ಹಾಗೇ ಮಾತಾಡುತ್ತಾರೆ, ಹಾಗಾಗಿ ಭಾಷೆಗೆ ಯಾರೂ ನಗುವುದಿಲ್ಲ, ಆಸಾಮಿಗೆ ನಗುತ್ತಾರೆ. ಪ್ಯೂನ್ ಶ್ರೀನಿವಾಸನಾದ ಪ್ರಕಾಶ್ ತೂಮಿನಾಡು ಸುಮ್ನೆ ಬಾಗಿಲಲ್ಲಿ ನಿಂತರೂ ನನಗೆ ನಗು ಬರುತ್ತಿತ್ತು.

ತಕರಾರೂ ಇದೆ. ಜನಾರ್ದನ ಅಣ್ಣಾವ್ರ ಭಕ್ತ, ಒಪ್ಪಿದೆ, ನಾನೂ ಭಕ್ತನೇ. ಆದರೆ ಅವನ ಎದೆಯಲ್ಲಿ ಏನೋ ಒಂಚೂರು ಅಲ್ಲಾಡಿದರೂ ಸಾಕು, ಒಂದು ರಾಜ್‌ಕುಮಾರ್ ಹಾಡು ಬಂದುಬಿಡುತ್ತದೆ. ಮೊದಲೆರಡು ಸಲ ಮೈ ಜುಮ್ಮೆಂದಿತು, ಆಮೇಲೆ ಲೆಕ್ಚರರ್ ಕೆಂಪು ಪೆನ್ನಲ್ಲಿ ಅಡಿಗೆರೆ ಎಳೆದ ಹಾಗೆ, "ಇಲ್ಲಿ ದುಃಖ, ಪರೀಕ್ಷೆಗೆ ಬರುತ್ತೆ." ಇಂಟರ್ವಲ್ ಆದ ಮೇಲೆ ಎಳೆದಾಟ ಜಾಸ್ತಿ. ಹುಡುಗಿಯರೆಲ್ಲ ಅವನಿಗೆ ಬುದ್ಧಿ ಕಲಿಸಲಿಕ್ಕೇ ಹುಟ್ಟಿಬಂದವರಂತೆ ಕಾಣುತ್ತಾರೆ, ಪಾಪ ಅವರಿಗೂ ಮನೆಯಲ್ಲಿ ಬೇರೆ ಕೆಲಸ ಇರುತ್ತಲ್ವಾ?

ಆದರೂ ಒಂದು ಜಾಗದಲ್ಲಿ ಸಿನಿಮಾ ನನ್ನನ್ನು ಸರಿಯಾಗಿ ಹಿಡಿದುಹಾಕಿತು. ಈ ಬೋಳು ತಲೆಯ ಪುಣ್ಯಾತ್ಮ ತಾನು ಮಾತ್ರ ಹುಡುಗಿಯರ ಅಂದ ಅಳೆಯುತ್ತಾ ಕೂರುತ್ತಾನೆ. ದಪ್ಪಗಿರುವ ಸರಳಾ ಸಿಕ್ಕಾಗ ಮುಖ ಸಪ್ಪೆ ಮಾಡುತ್ತಾನೆ. ಥಿಯೇಟರ್ ತುಂಬಾ ನಗು. ನಾನು ಟೋಪಿ ಮತ್ತೆ ಹಾಕಿಕೊಂಡೆ.

ಯಾಕೆಂದರೆ ಅದರ ಹಿಂದಿನ ತಿಂಗಳಷ್ಟೇ ನಾನೊಂದು ಹುಡುಗಿಯನ್ನು ನೋಡಲು ಹೋಗಿದ್ದೆ. ಭಾನುವಾರ ಹನ್ನೊಂದು ಗಂಟೆಗೆ ಒಂದು ದರ್ಶಿನಿಯಲ್ಲಿ ಭೇಟಿ. ಬೆಳಿಗ್ಗೆ ಅಮ್ಮ ತಲೆಗೆ ಈರುಳ್ಳಿ ರಸ ತಿಕ್ಕಿದ್ದರು. ಎರಡು ಸಲ ಶಾಂಪೂ ಹಾಕಿದರೂ ಬಿಸಿಲಿಗೆ ಬಂದ ಕೂಡಲೇ ನಾನು ಈರುಳ್ಳಿ ದೋಸೆಯ ಹಾಗೆ ಘಮಘಮ. ಹೋಟೆಲಲ್ಲಿ ಇದ್ದಿದ್ದು ಒಳ್ಳೆಯದೇ ಆಯ್ತು ಅನ್ನಿ, ಯಾರಿಗೂ ಅನುಮಾನ ಬರಲಿಲ್ಲ. ಮೂಲೆಯ ಟೇಬಲ್ಲಿನಲ್ಲಿ ಕೂತು ಕಾದೆ. ಪಕ್ಕದ ಟೇಬಲ್ಲಿನಲ್ಲಿ ಒಬ್ಬಳು ಕನ್ನಡಕದ ಹುಡುಗಿ ಗಡಿಯಾರ ನೋಡುತ್ತಾ ಕೂತಿದ್ದಳು. ಇಪ್ಪತ್ತು ನಿಮಿಷ, ಎರಡು ಕಾಫಿ. ಕೊನೆಗೆ ಸಿಟ್ಟು ಬಂದು ನಾನು ನೋಡಬೇಕಿದ್ದ ಹುಡುಗಿಯ ನಂಬರಿಗೆ ಫೋನ್ ಮಾಡಿದೆ. ಪಕ್ಕದ ಟೇಬಲ್ಲು ರಿಂಗಾಯಿತು.

ಅವಳು ತಿರುಗಿ ನನ್ನ ಮುಖ ನೋಡಿದಳು. ನಂತರ ಮೊಬೈಲಲ್ಲಿದ್ದ ನನ್ನ ಫೋಟೋ ನೋಡಿದಳು. ನಂತರ ಮೇಲೆ, ಅಂದರೆ ನನ್ನ ತಲೆ ನೋಡಿದಳು. ನಾನೂ ಬಿಡಲಿಲ್ಲ, ಫೋಟೋದಲ್ಲಿ ಇಲ್ಲದ ಕನ್ನಡಕ ನೋಡಿದೆ, ಫೋಟೋದಲ್ಲಿ ಇಲ್ಲದ ಗಲ್ಲ ನೋಡಿದೆ. "ಇದು ಯಾವಾಗಿಂದು?" ಎಂದು ಇಬ್ಬರೂ ಒಟ್ಟಿಗೇ ಕೇಳಿದೆವು. ನನ್ನ ಫೋಟೋ ಕಾಲೇಜಿನ ಕೊನೆಯ ವರ್ಷದ್ದು. ಅವಳದ್ದು ಅಕ್ಕನ ಮದುವೆಯದ್ದು, ಅಕ್ಕನ ಮಗ ಆಗಲೇ ಎರಡನೇ ಕ್ಲಾಸು. ಬಿಲ್ ಅರ್ಧರ್ಧ ಕೊಟ್ಟು ಎದ್ದೆವು.

ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ. "ಏನಮ್ಮಾ ಇದು, ಹಳೇ ಫೋಟೋ ಕಳಿಸಿ ಮೋಸ ಮಾಡಿದ್ದಾರೆ, ಇಂಥ ಜನಾನ ನಂಬೋದು ಹೇಗೆ?" ಅಮ್ಮ ಏನೂ ಹೇಳಲಿಲ್ಲ. ನನ್ನ ತಲೆಯ ಕಡೆ ಒಂದು ಸಲ ನೋಡಿ, ಒಳಗೆ ಹೋಗಿ ಇನ್ನೊಂದು ಈರುಳ್ಳಿ ತುರಿಯತೊಡಗಿದರು.